ಬೀಗಲ್ ಹಡಗಿನ ಮಾದರಿ: ಮೂತಿಯ ಬಳಿ ಪಟ್ಟಿಗಳು ಮೇಲೇಳುತ್ತಿವೆ, ಬಿಚ್ಚಬೇಕೇ, ತುಂಬಬೇಕೇ?

ಪ್ರಶ್ನೆ (ಮಂಗಳೂರಿನಿಂದ)

ಮಾನ್ಯರೇ, ಚಾರ್ಲ್ಸ್ ಡಾರ್ವಿನ್ನರು 1831ರ ಡಿಸೆಂಬರಿನಿಂದ 1836ರ ಅಕ್ಟೋಬರಿನವರೆಗೆ ಪಯಣಿಸಿದ ‘ಬೀಗಲ್’ ಹಡಗಿನ ಮರದ ಮಾದರಿಯನ್ನು ಕಿಟ್ ತರಿಸಿಕೊಂಡು ಕಟ್ಟುತ್ತಿದ್ದೇನೆ. ಪ್ರಮಾಣ 1:60. ಮೂಲ ಹಡಗು ಸುಮಾರು 27.5 ಮೀಟರ್ ಉದ್ದವಿದ್ದುದರಿಂದ ಮಾದರಿಯ ಒಡಲು ಸುಮಾರು 46 ಸೆಂ.ಮೀ. ಆಗುತ್ತದೆ. ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ವಿಕಾಸವಾದದ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸುತ್ತಿದ್ದ ಹಡಗನ್ನು ಒಮ್ಮೆಯಾದರೂ ಮರದಲ್ಲಿ ಕಟ್ಟಿ, ಶಾಲೆಯ ಪ್ರಯೋಗಾಲಯಕ್ಕೆ ಕೊಡಬೇಕೆಂಬುದು ನನ್ನ ಬಹುಕಾಲದ ಆಸೆ. ಇದಕ್ಕೆ ಮೊದಲು ಚಪ್ಪಟೆ ತಳದ ಎರಡು ಚಿಕ್ಕ ದೋಣಿಗಳನ್ನು ಮಾತ್ರ ಮಾಡಿದ್ದೇನೆ. ಈ ಕಿಟ್ ಅನುಭವಿಗಳಿಗೆ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿದೆ.

ಫೆಬ್ರುವರಿಯಲ್ಲಿ ಕೆಲಸ ಆರಂಭಿಸಿದೆ. ಕೀಲ್ (ಹಡಗಿನ ತಳದುದ್ದಕ್ಕೂ ಬೆನ್ನೆಲುಬಿನಂತಿರುವ ಮರ) ಮತ್ತು ಅದಕ್ಕೆ ಪಕ್ಕೆಲುಬುಗಳಂತೆ ನಿಲ್ಲುವ ಅಡ್ಡಚೌಕಟ್ಟುಗಳನ್ನು ಜೋಡಿಸಿ, ಮೊದಲನೆಯ ಪದರದ ಪಟ್ಟಿಗಳನ್ನು ಡೆಕ್ಕಿನ ಅಂಚಿನಿಂದ ಕೆಳಮುಖವಾಗಿ ಅಂಟಿಸುತ್ತ ಬಂದೆ. ಪಟ್ಟಿಗಳು ಲಿಂಡನ್ ಎಂಬ ಯುರೋಪಿನ ಮೃದುಮರದವು, 5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪ. ಎಡಬಲಗಳಲ್ಲಿ ಒಂಬತ್ತೊಂಬತ್ತು ಪಟ್ಟಿಗಳು ಮುಗಿದಿವೆ. ಆರನೆಯದರವರೆಗೆ ಯಾವ ತೊಂದರೆಯೂ ಕಾಣಲಿಲ್ಲ. ಏಳನೆಯ ಪಟ್ಟಿಯನ್ನು ಹಡಗಿನ ದುಂಡನೆಯ ಮೂತಿಗೆ, ಅಂದರೆ ಮುಂತುದಿಗೆ, ಬಾಗಿಸುವಾಗ ಅದರ ಒಂದು ಅಂಚು ಚೌಕಟ್ಟಿನಿಂದ ಮೇಲೆದ್ದು ನಿಂತಿತು. ಕ್ಲಿಪ್ಪು ಹಾಕಿ ಒತ್ತಿ ಕೂರಿಸಿದೆ. ಎಂಟನೆಯದು ಅದರ ಮೇಲೆ ಅರ್ಧ ಹತ್ತಿ ಕುಳಿತಿತು, ಒಂಬತ್ತನೆಯದು ಇನ್ನೂ ಹೆಚ್ಚು. ಈಗ ಬೆರಳಾಡಿಸಿದರೆ ಮೂತಿಯ ಬಳಿ ಮೆಟ್ಟಿಲುಗಳಂತೆ ಕೈಗೆ ಸಿಗುತ್ತದೆ.

ಇನ್ನೊಂದು ಸಂಗತಿಯೂ ಇದೆ. ಏಪ್ರಿಲ್ ತಿಂಗಳಿನಲ್ಲಿ ನಡುಭಾಗದ ಪಟ್ಟಿಗಳ ನಡುವೆ ಕೂದಲೆಳೆಯಷ್ಟು ಸಂದುಗಳು ಬಿದ್ದಿದ್ದವು. ಜೂನ್ ಮಳೆ ಹಿಡಿದ ಮೇಲೆ ಅವು ತಾವಾಗಿಯೇ ಮುಚ್ಚಿಕೊಂಡುವು. ಆದರೆ ಬಲಗಡೆಯ ಮೂರನೆಯ ಮತ್ತು ನಾಲ್ಕನೆಯ ಪಟ್ಟಿಗಳು ಒಂದನ್ನೊಂದು ತಳ್ಳಿ ಸಣ್ಣ ಉಬ್ಬು ಕಾಣಿಸಿಕೊಂಡಿದೆ. ಇದೇಕೆ?

ನನ್ನ ಅಳತೆಗಳನ್ನು ಕೊಡುತ್ತೇನೆ. ಅತಿ ಅಗಲವಾದ ಚೌಕಟ್ಟಿನಲ್ಲಿ ಡೆಕ್ಕಿನ ಅಂಚಿನಿಂದ ಕೀಲ್‌ವರೆಗೆ ಮೈಮೇಲಿನ ಅಳತೆ 100 ಮಿ.ಮೀ., ಮೂತಿಯ ಬಳಿಯ ಮೊದಲ ಚೌಕಟ್ಟಿನಲ್ಲಿ 62 ಮಿ.ಮೀ. ಕಿಟ್‌ನ ಸೂಚನಾ ಪುಸ್ತಕದಲ್ಲಿ ಈ ಹಂತಕ್ಕೆ ಎರಡು ಛಾಯಾಚಿತ್ರಗಳಿವೆಯೇ ಹೊರತು ವಿವರಣೆಯಿಲ್ಲ. ಒಂಬತ್ತು ಪಟ್ಟಿಗಳನ್ನೂ ಬಿಚ್ಚಬೇಕೇ, ಅಥವಾ ತಗ್ಗುಗಳನ್ನು ತುಂಬಿ ಉಜ್ಜಿದರೆ ಸಾಕೇ? ಬಿಚ್ಚುವುದಾದರೆ ಎಲ್ಲಿಯವರೆಗೆ?

ಉತ್ತರ 1 (ಮೈಸೂರಿನಿಂದ)

ಮೇಷ್ಟ್ರೇ, ನಮಸ್ಕಾರ. ನೀವು ಎರಡು ಅಳತೆಗಳನ್ನು ಕೊಟ್ಟದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಉತ್ತರ ಅವುಗಳಲ್ಲಿಯೇ ಇದೆ.

ನಡುಭಾಗದ 100 ಮಿ.ಮೀ. ಮುಚ್ಚಲು 5 ಮಿ.ಮೀ. ಅಗಲದ 20 ಪಟ್ಟಿಗಳು ಬೇಕು. ಅದೇ 20 ಪಟ್ಟಿಗಳು ಮೂತಿಯಲ್ಲಿ 62 ಮಿ.ಮೀ. ಜಾಗದೊಳಗೆ ಹೊಂದಿಕೊಳ್ಳಬೇಕು, ಅಂದರೆ ಅಲ್ಲಿ ಒಂದೊಂದರ ಅಗಲವೂ ಸುಮಾರು 3.1 ಮಿ.ಮೀ.ಗೆ ಇಳಿಯಬೇಕು. ನೀವು ಒಂಬತ್ತು ಪಟ್ಟಿಗಳನ್ನೂ ಪೂರ್ಣ ಅಗಲದಲ್ಲಿಯೇ ಹಾಕಿದ್ದರಿಂದ ಮೂತಿಯ 62ರಲ್ಲಿ 45 ಮಿ.ಮೀ. ಖರ್ಚಾಗಿಹೋಗಿದೆ. ಉಳಿದ 17 ಮಿ.ಮೀ.ನಲ್ಲಿ ಇನ್ನೂ ಹನ್ನೊಂದು ಪಟ್ಟಿಗಳು ಕೂರಬೇಕಾಗಿದೆ, ಒಂದೊಂದಕ್ಕೆ ಒಂದೂವರೆ ಮಿ.ಮೀ. ಅದು ಆಗದ ಮಾತು. ಏಳನೆಯ ಪಟ್ಟಿ ಮೇಲೆದ್ದದ್ದು ಈ ಲೆಕ್ಕ ತಪ್ಪಿದ್ದರ ಮೊದಲ ಗುರುತು. ತೆಳ್ಳನೆಯ ಪಟ್ಟಿಯು ದಪ್ಪದ ದಿಕ್ಕಿನಲ್ಲಿ ಸುಲಭವಾಗಿ ಬಾಗುತ್ತದೆ, ತಿರುಚಿಕೊಳ್ಳಲೂ ಒಪ್ಪುತ್ತದೆ. ಆದರೆ ಅಗಲದ ದಿಕ್ಕಿನಲ್ಲಿ ಬಾಗಲು ಒಪ್ಪುವುದಿಲ್ಲ. ಅದು ತನಗೆ ಸಹಜವಾದ ದಾರಿಯಲ್ಲಿ ಹೋಗಲು ಹವಣಿಸುವಾಗ ನಾವು ಪಕ್ಕದ ಪಟ್ಟಿಗೆ ತಾಗುವಂತೆ ಎಳೆದರೆ ಅಂಚು ಮೇಲೇಳುತ್ತದೆ. ಕ್ಲಿಪ್ಪಿನಿಂದ ಒತ್ತಿ ಕೂರಿಸಿದರೂ ಆ ಬಿಗಿತ ಒಳಗೇ ಉಳಿದಿರುತ್ತದೆ.

ಎಲ್ಲಿಯವರೆಗೆ ಬಿಚ್ಚಬೇಕು ಎಂಬುದನ್ನೂ ಲೆಕ್ಕವೇ ಹೇಳುತ್ತದೆ. ಯಾವ ಪಟ್ಟಿಯನ್ನೂ ಅದರ ಅಗಲದ ಅರ್ಧಕ್ಕಿಂತ ಕಿರಿದಾಗಿಸಬಾರದೆಂಬ ರೂಢಿಯಿದೆ. ನಿಮ್ಮ ಪಟ್ಟಿಗೆ ಅದು 2.5 ಮಿ.ಮೀ. ಮೇಲಿನ ನಾಲ್ಕು ಪಟ್ಟಿಗಳನ್ನು ಉಳಿಸಿಕೊಂಡರೆ ನಡುವೆ 80 ಮಿ.ಮೀ., ಮೂತಿಯಲ್ಲಿ 42 ಮಿ.ಮೀ. ಉಳಿಯುತ್ತದೆ. ಬೇಕಾದ ಪಟ್ಟಿಗಳು 16, ಮೂತಿಯಲ್ಲಿ ಒಂದೊಂದಕ್ಕೆ 2.6 ಮಿ.ಮೀ. ಐದನ್ನು ಉಳಿಸಿಕೊಂಡರೆ 37 ಮಿ.ಮೀ.ನಲ್ಲಿ 15 ಪಟ್ಟಿಗಳು, ಅಂದರೆ 2.5ಕ್ಕಿಂತ ಕಡಿಮೆ. ಆದ್ದರಿಂದ ಐದನೆಯದರಿಂದ ಒಂಬತ್ತನೆಯದರವರೆಗೆ ಎರಡೂ ಬದಿಯಲ್ಲಿ ಬಿಚ್ಚುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಸರವಾಗುವ ಕೆಲಸವೆಂದು ಗೊತ್ತಿದೆ, ಆದರೂ ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ನೀವು ಫೆವಿಕಾಲ್‌ನಂತಹ ಬಿಳಿ ಅಂಟು ಬಳಸಿದ್ದರೆ ಬಿಚ್ಚುವುದು ಕಷ್ಟವಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಸಣ್ಣ ಕುಂಚದಿಂದ ಸಂದಿಗೆ ಹಚ್ಚಿ, ಕೆಲವು ನಿಮಿಷ ಬಿಟ್ಟು, ಮತ್ತೆ ಹಚ್ಚಿರಿ. ಅಂಟು ಮೆತ್ತಗಾಗಿ ರಬ್ಬರಿನಂತಾದಾಗ ಮೊಂಡು ಚಾಕುವನ್ನು ಪಟ್ಟಿಯ ಕೆಳಗೆ ತೂರಿಸಿ ಚೌಕಟ್ಟಿನಿಂದ ಚೌಕಟ್ಟಿಗೆ ನಿಧಾನವಾಗಿ ಎಬ್ಬಿಸುತ್ತ ಹೋಗಬೇಕು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ ಅಥವಾ ಒಲೆ ಬೇಡ.

ಬಿಚ್ಚಿದ ಮೇಲೆ ಪಟ್ಟಿ ಹಾಕುವ ಮುನ್ನ ಚೌಕಟ್ಟುಗಳ ಅಂಚನ್ನು ಪರೀಕ್ಷಿಸಿರಿ. ಒಂದು ಪಟ್ಟಿಯನ್ನು ಅಂಟಿಲ್ಲದೆ ಮೂತಿಯ ಮೇಲೆ ಒರಗಿಸಿ ಹಿಡಿದು, ಹಿಂದಿನಿಂದ ಬೆಳಕು ಬಿಟ್ಟು ನೋಡಿದರೆ, ಅದು ಪ್ರತಿ ಚೌಕಟ್ಟಿನ ಪೂರ್ಣ ದಪ್ಪಕ್ಕೆ ತಾಗುತ್ತಿದೆಯೇ ಅಥವಾ ಒಂದು ಮೂಲೆಗೆ ಮಾತ್ರವೇ ಎಂಬುದು ತಿಳಿಯುತ್ತದೆ. ಮೂಲೆಗೆ ಮಾತ್ರ ತಾಗುತ್ತಿದ್ದರೆ ಆ ಅಂಚನ್ನು ಓರೆಯಾಗಿ ಉಜ್ಜಬೇಕು. ಬೀಗಲ್‌ನಂತಹ ದುಂಡುಮೂತಿಯ ಹಡಗಿನಲ್ಲಿ ಮೊದಲ ಎರಡು ಚೌಕಟ್ಟುಗಳ ಓರೆ ನಾವು ನೆನೆಸಿದ್ದಕ್ಕಿಂತ ಬಹಳ ಹೆಚ್ಚಾಗಿಯೇ ಇರುತ್ತದೆ. ಆ ಎರಡರ ನಡುವಿನ ಖಾಲಿ ಜಾಗಕ್ಕೆ ಬಾಲ್ಸಾ ಮರದ ತುಂಡುಗಳನ್ನು ಅಂಟಿಸಿ ಅದೇ ಬಾಗಿಗೆ ಉಜ್ಜಿಕೊಂಡರೆ ಪಟ್ಟಿಗೆ ಉದ್ದಕ್ಕೂ ಆಸರೆ ಸಿಗುತ್ತದೆ.

ಇನ್ನು ಪ್ರತಿ ಚೌಕಟ್ಟಿನಲ್ಲಿಯೂ 16 ಸಮಭಾಗ ಮಾಡಲು ನಾನು ಅನುಸರಿಸುವ ದಾರಿ ಹೇಳುತ್ತೇನೆ. ಕಾಗದದ ಕಿರಿದಾದ ಪಟ್ಟಿಯನ್ನು ನಾಲ್ಕನೆಯ ಹಲಗೆಯ ಅಂಚಿನಿಂದ ಕೀಲ್‌ವರೆಗೆ ಚೌಕಟ್ಟಿನ ಮೇಲೆ ಸುತ್ತಿ, ಎರಡು ತುದಿಗಳನ್ನು ಪೆನ್ಸಿಲಿನಿಂದ ಗುರುತಿಸಿ. ಒಂದು ಗ್ರಾಫ್ ಹಾಳೆಯಲ್ಲಿ 2 ಮಿ.ಮೀ. ಅಂತರದ 17 ಗೆರೆಗಳನ್ನು ಗಾಢವಾಗಿ ಎಳೆದುಕೊಳ್ಳಿ. ಕಾಗದದ ಒಂದು ಗುರುತು ಮೊದಲ ಗೆರೆಯ ಮೇಲೂ ಇನ್ನೊಂದು ಗುರುತು ಕೊನೆಯ ಗೆರೆಯ ಮೇಲೂ ಬೀಳುವಂತೆ ಅದನ್ನು ಓರೆಯಾಗಿಟ್ಟರೆ, ನಡುವಿನ ಗೆರೆಗಳು ಅದನ್ನು ತಾವಾಗಿಯೇ 16 ಸಮಪಾಲು ಮಾಡುತ್ತವೆ. ಅಳತೆ 42 ಇರಲಿ, 80 ಇರಲಿ, ಅದೇ ಹಾಳೆ ಸಾಕು. ಭಾಗಾಕಾರವೂ ಬೇಡ, ಅರ್ಧ ಮಿ.ಮೀ.ಯನ್ನು ಕಣ್ಣಲ್ಲಿ ಅಂದಾಜಿಸುವುದೂ ಬೇಡ. ಆ ಗುರುತುಗಳನ್ನು ಚೌಕಟ್ಟಿಗೆ ವರ್ಗಾಯಿಸಿದರೆ ಪ್ರತಿ ಪಟ್ಟಿಯ ದಾರಿ ಕಣ್ಣಿಗೆ ಕಾಣುತ್ತದೆ.

ಎಡಬಲದ ಎರಡು ಪಟ್ಟಿಗಳನ್ನು ಒಟ್ಟಿಗೆ ಹಿಡಿದು ಕಿರಿದಾಗಿಸಿದರೆ ಅವು ಸಮನಾಗಿರುತ್ತವೆ. ಬಾಗಿಸಲು ಕಾಲು ಗಂಟೆ ನೀರಿನಲ್ಲಿ ನೆನೆಸಿ ಬಿಸಿ ಕೊಡಿ; ಮರವನ್ನು ಮಣಿಸುವುದು ಮುಖ್ಯವಾಗಿ ಬಿಸಿಯೇ. ಪಟ್ಟಿಯನ್ನು ಮೂತಿಗೆ ಅಂಟಿಲ್ಲದೆ ಕಟ್ಟಿ, ಪೂರ್ತಿ ಒಣಗಿದ ಮೇಲೆಯೇ ಅಂಟಿಸಬೇಕು. ಒದ್ದೆಯಾಗಿರುವಾಗಲೇ ಅಂಟಿಸಿದರೆ ಆಮೇಲೆ ಕುಗ್ಗಿ ಸಂದು ಬಿಡುತ್ತದೆ. ಎಡಕ್ಕೊಂದು ಬಲಕ್ಕೊಂದು ಎಂದು ಸರದಿಯಲ್ಲಿ ಹಾಕಿರಿ, ಇಲ್ಲದಿದ್ದರೆ ಕೀಲ್ ಒಂದು ಕಡೆಗೆ ವಾಲುತ್ತದೆ.

ಉತ್ತರ 2 (ಉಡುಪಿಯಿಂದ)

ಮೈಸೂರಿನವರ ಲೆಕ್ಕ ಸರಿಯಾಗಿದೆ, ಆದರೆ ಐದು ಪಟ್ಟಿಗಳನ್ನು ಬಿಚ್ಚಲೇಬೇಕೆಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನನ್ನ ತಂದೆಯವರು ಮಲ್ಪೆಯಲ್ಲಿ ಮೀನುಗಾರಿಕೆಯ ಮರದ ದೋಣಿಗಳನ್ನು ಕಟ್ಟುತ್ತಿದ್ದ ಬಡಗಿಗಳು. ಚಿಕ್ಕಂದಿನಲ್ಲಿ ಅವರ ಪಕ್ಕದಲ್ಲಿ ನಿಂತು ನೋಡಿದ್ದರ ಮೇಲೆ ಹೇಳುತ್ತಿದ್ದೇನೆ.

ನಿಜವಾದ ದೋಣಿಯಲ್ಲಿಯೂ ಇದೇ ತೊಡಕು ಬರುತ್ತದೆ. ಹಲಗೆಯ ತುದಿ ತೀರಾ ಕಿರಿದಾದರೆ ಅದಕ್ಕೆ ಮೊಳೆ ಹೊಡೆಯಲು ಮರವೇ ಇರುವುದಿಲ್ಲ, ಸೀಳಿಹೋಗುತ್ತದೆ. ಆಗ ಎರಡು ಹಲಗೆಗಳಲ್ಲಿ ಒಂದನ್ನು ಮೂತಿಯವರೆಗೆ ಒಯ್ಯದೆ ಮಧ್ಯದಲ್ಲಿಯೇ ನಿಲ್ಲಿಸಿ, ಪಕ್ಕದ ಹಲಗೆಯಲ್ಲಿ ಕಚ್ಚು ತೆಗೆದು ಅದರೊಳಗೆ ಕೂರಿಸುತ್ತಾರೆ. ಹಾಗೆ ನಿಲ್ಲಿಸಿದ ತುದಿಯನ್ನೂ ಸೂಜಿಯಂತೆ ಚೂಪು ಮಾಡದೆ ಮೊಂಡಾಗಿಯೇ ಇಡುತ್ತಾರೆ.

ಆದ್ದರಿಂದ ಮೇಷ್ಟ್ರು ನಿಜವಾಗಿಯೂ ಕೆಟ್ಟಿರುವ ಏಳು, ಎಂಟು, ಒಂಬತ್ತನ್ನು ಮಾತ್ರ ಬಿಚ್ಚಲಿ. ಆರು ಪಟ್ಟಿಗಳು ಉಳಿದರೆ ನಡುವೆ 70 ಮಿ.ಮೀ.ಗೆ 14 ಪಟ್ಟಿಗಳು ಬೇಕು, ಮೂತಿಯಲ್ಲಿರುವುದು 32 ಮಿ.ಮೀ. ಹದಿನಾಲ್ಕರಲ್ಲಿ ಎರಡನ್ನು ಮೂತಿಗೆ ಮುಂಚೆಯೇ ನಿಲ್ಲಿಸಿದರೆ ಹನ್ನೆರಡು ಪಟ್ಟಿಗಳು ಮಾತ್ರ ಮುಂದೆ ಹೋಗುತ್ತವೆ, ಒಂದೊಂದಕ್ಕೆ 2.6ಕ್ಕಿಂತ ಸ್ವಲ್ಪ ಹೆಚ್ಚೇ ಸಿಗುತ್ತದೆ. ಮೊದಲನೆಯ ಪದರ ಹೇಗೂ ಎರಡನೆಯದರ ಕೆಳಗೆ ಮುಚ್ಚಿಹೋಗುವಂಥದ್ದು. ಅಲ್ಲಿ ಮುಖ್ಯವಾದುದು ಮೈ ನುಣುಪಾಗಿ ಏಕವಾಗಿ ಹರಿಯುವುದು, ಪಟ್ಟಿಗಳ ಅಂದವಲ್ಲ.

ಗುರುತುಗಳನ್ನು ಹಾಕಿದ ಮೇಲೆ ಅವುಗಳನ್ನೇ ನಂಬಿ ಕತ್ತರಿಸಬೇಡಿ ಎಂಬುದೊಂದು ಮಾತು. ನಮ್ಮ ತಂದೆಯವರು ಹಲಗೆ ಕೊಯ್ಯುವ ಮೊದಲು ತೆಳ್ಳನೆಯ ಉದ್ದ ರೀಪನ್ನು ದೋಣಿಯ ಪಕ್ಕೆಗಳ ಮೇಲೆ ಮೂತಿಯಿಂದ ಹಿಂತುದಿಯವರೆಗೆ ಬಾಗಿಸಿ ಕಟ್ಟುತ್ತಿದ್ದರು. ಆಮೇಲೆ ಹತ್ತು ಹೆಜ್ಜೆ ದೂರ ಹೋಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು, ಮತ್ತೆ ಬಂದು ಒಂದು ಕಡೆ ಬೆರಳಿನ ಅಗಲದಷ್ಟು ಇಳಿಸುತ್ತಿದ್ದರು, ಮತ್ತೆ ದೂರ ಹೋಗುತ್ತಿದ್ದರು. ರೀಪು ಎಲ್ಲಿಯೂ ಮುರಿದಂತೆ ಕಾಣದೆ ಒಂದೇ ಗೆರೆಯಾಗಿ ಹರಿದ ಮೇಲೆಯೇ ಅದರ ಅಂಚನ್ನು ಪಕ್ಕೆಗಳ ಮೇಲೆ ಗೀರುತ್ತಿದ್ದರು. ಮಾದರಿಯಲ್ಲಿ ರೀಪಿನ ಜಾಗದಲ್ಲಿ ಒಂದು ಮಿ.ಮೀ. ದಪ್ಪದ ಯಾವುದಾದರೂ ಕಡ್ಡಿ ಅಥವಾ ಬಿಗಿಯಾದ ಕಪ್ಪು ದಾರ ಸಾಕು. ಒಂದು ಚೌಕಟ್ಟು ಅರ್ಧ ಮಿ.ಮೀ. ತಪ್ಪಾಗಿ ಕೂತಿದ್ದರೆ ಕಾಗದದ ಲೆಕ್ಕ ಅದನ್ನು ಹಿಡಿಯುವುದಿಲ್ಲ, ಕಣ್ಣು ಹಿಡಿಯುತ್ತದೆ.

ಮಳೆಗಾಲದ ಉಬ್ಬಿನ ಬಗ್ಗೆಯೂ ಹೇಳುತ್ತೇನೆ. ಮರದ ತೇವ ಗಾಳಿಯ ತೇವವನ್ನು ಹಿಂಬಾಲಿಸುತ್ತದೆ. ಗಾಳಿಯ ಆರ್ದ್ರತೆ ಶೇ. 40 ಇದ್ದಾಗ ಮರದಲ್ಲಿ ಅದರ ಒಣ ತೂಕದ ಸುಮಾರು ಶೇ. 7.5ರಷ್ಟು ನೀರಿದ್ದರೆ, ಆರ್ದ್ರತೆ ಶೇ. 80 ಆದಾಗ ಅದು ಸುಮಾರು ಶೇ. 16ಕ್ಕೆ ಏರುತ್ತದೆ. ಉದ್ದಕ್ಕೆ ಮರ ಬಹುಮಟ್ಟಿಗೆ ಬದಲಾಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಲಿಂಡನ್ ಜಾತಿಯ ಮರದಲ್ಲಿ 5 ಮಿ.ಮೀ. ಪಟ್ಟಿ ಇಷ್ಟು ವ್ಯತ್ಯಾಸಕ್ಕೆ ಸುಮಾರು 0.1 ಮಿ.ಮೀ. ಹಿಗ್ಗಬಹುದು, ಒಂಬತ್ತು ಪಟ್ಟಿಗಳು ಸೇರಿದರೆ ಒಂದು ಮಿ.ಮೀ. ಹತ್ತಿರ ಬರುತ್ತದೆ. ಜಾಗವಿಲ್ಲದಿದ್ದರೆ ಅವು ಒಂದನ್ನೊಂದು ತಳ್ಳಿ ಮೇಲೇಳುತ್ತವೆ. ನೀವು ಎಪ್ರಿಲ್‌ನಲ್ಲಿ ಕಂಡ ಸಂದುಗಳಿಗೆ ಏನನ್ನೂ ತುಂಬದೆ ಬಿಟ್ಟಿದ್ದು ಒಳ್ಳೆಯದೇ ಆಯಿತು. ತುಂಬಿದ್ದರೆ ಉಬ್ಬು ಇನ್ನೂ ದೊಡ್ಡದಾಗುತ್ತಿತ್ತು.

ಕರಾವಳಿಯ ಮನೆಗಳಲ್ಲಿ ಕ್ಯಾಮೆರಾಕ್ಕೆ ಬೂಷ್ಟು ಹಿಡಿಯದಂತೆ ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿಡುತ್ತಾರಲ್ಲ, ಅದನ್ನೇ ಮಾಡಿ. ಒಡಲನ್ನೂ ಉಳಿದ ಪಟ್ಟಿಗಳನ್ನೂ ಒಂದೇ ಕಪಾಟಿನಲ್ಲಿ ವಾರವಿಡೀ ಇಟ್ಟು, ಎರಡೂ ಒಂದೇ ಹದಕ್ಕೆ ಬಂದ ಮೇಲೆ ಕೆಲಸಕ್ಕೆ ತೆಗೆದುಕೊಳ್ಳಿ. ಹೊರಮೈ ಮುಗಿದ ಮೇಲೆ, ಡೆಕ್ ಮುಚ್ಚುವ ಮೊದಲು, ಒಳಮೈಗೆ ತೆಳುವಾದ ವಾರ್ನಿಷ್ ಎರಡು ಕೈ ಹೊಡೆದರೆ ತೇವದ ಏರಿಳಿತ ನಿಧಾನವಾಗುತ್ತದೆ.

ಉತ್ತರ 3 (ಇಂಗ್ಲೆಂಡಿನಿಂದ)

ಇಬ್ಬರೂ ಒಳಗಿನ ಪದರದ ಬಗ್ಗೆ ಮಾತನಾಡಿದ್ದಾರೆ, ನಾನು ಹೊರಗೆ ಏನು ಕಾಣಬೇಕೆಂಬುದರ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಬೀಗಲ್ 1820ರಲ್ಲಿ ಲಂಡನ್ ಬಳಿಯ ವೂಲಿಚ್ ಹಡಗುಕಟ್ಟೆಯಲ್ಲಿ ನೀರಿಗಿಳಿದಾಗ ಎರಡು ಕೂವೆಮರಗಳ (ಹಾಯಿ ಕಟ್ಟುವ ಕಂಬಗಳ), ಹತ್ತು ಫಿರಂಗಿಗಳ ಹಡಗಾಗಿತ್ತು. ಮೂರನೆಯ ಕೂವೆಮರ ಆಮೇಲೆ ಬಂದದ್ದು. ಡಾರ್ವಿನ್ನರ ಯಾನಕ್ಕೆ ಮುನ್ನ 1831ರಲ್ಲಿ ಮಾಡಿದ ದುರಸ್ತಿಯಲ್ಲಿ ಮೇಲಿನ ಡೆಕ್ಕನ್ನು ಹಿಂದೆ 8 ಅಂಗುಲ, ಮುಂದೆ 12 ಅಂಗುಲ ಎತ್ತರಿಸಿದರು. ನಿಮ್ಮ ಪ್ರಮಾಣದಲ್ಲಿ ಅದು 3.4 ಮತ್ತು 5 ಮಿ.ಮೀ. ಅಷ್ಟೇ, ಆದರೆ ಮೂತಿಯ ಮೇಲಂಚಿನ ಗೆರೆ ಆ ಎತ್ತರವನ್ನೇ ಅವಲಂಬಿಸಿದೆ. ಮೇಲಿನ ಪಟ್ಟಿಗಳನ್ನು ಉಜ್ಜುವಾಗ ಆ ಅಂಚನ್ನು ತಗ್ಗಿಸಿಬಿಡಬೇಡಿ.

ತಳಭಾಗಕ್ಕೆ ಮರಕೊರಕ ಹುಳುಗಳಿಂದ ರಕ್ಷಣೆಗಾಗಿ ತಾಮ್ರದ ತಗಡು ಹೊದಿಸಿದ್ದರು. ಬ್ರಿಟಿಷ್ ನೌಕಾಪಡೆಯಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದ ತಗಡು 4 ಅಡಿ ಉದ್ದ, 14 ಅಂಗುಲ ಅಗಲ. 1:60ರಲ್ಲಿ ಅದು 20 ಮಿ.ಮೀ. ಉದ್ದ, 6 ಮಿ.ಮೀ. ಅಗಲ. ನೀವೂ ತಾಮ್ರ ಹೊದಿಸುವುದಾದರೆ ನೀರಿನ ಗೆರೆಯ ಕೆಳಗೆ ನಿಮ್ಮ ಪಟ್ಟಿಗಳ ಒಂದು ಗೆರೆಯೂ ಕಾಣುವುದಿಲ್ಲ. ಉಡುಪಿಯವರ ದಾರಿ ಹಿಡಿದರೂ ಯಾವ ನಷ್ಟವೂ ಇಲ್ಲ. ಆದರೆ ತಾಮ್ರದ ಹಾಳೆ ತೀರಾ ತೆಳ್ಳಗಿರುತ್ತದೆ, ಅದರ ಮೇಲೆ ಬೆಳಕು ಬಿದ್ದರೆ ಕೆಳಗಿನ ಪ್ರತಿ ಉಬ್ಬೂ ಎದ್ದು ಕಾಣುತ್ತದೆ. ಆದ್ದರಿಂದ ತುಂಬುವ ಕೆಲಸವನ್ನು ಪೂರ್ತಿ ಒಣಗಿದ ಮೇಲೆ, ಮರದ ಪುಡಿ ಮತ್ತು ಅಂಟಿನ ಹದದಿಂದ, ಉದ್ದನೆಯ ಹಲಗೆಗೆ ಅಂಟಿಸಿದ ಪಾಲಿಶ್ ಪೇಪರಿನಿಂದ ಉಜ್ಜಿ ಮುಗಿಸಿ. ಬೆರಳಿನಲ್ಲಿ ಹಿಡಿದು ಉಜ್ಜಿದರೆ ಪೇಪರು ತಗ್ಗಿನೊಳಗೂ ಇಳಿದು ತಗ್ಗನ್ನು ತಗ್ಗಾಗಿಯೇ ಉಳಿಸುತ್ತದೆ.

ದುಂಡುಮೂತಿಯ ಮೇಲೆ ಹಲಗೆಗಳು ಹೇಗೆ ಹರಿಯುತ್ತವೆ ಎಂಬುದನ್ನು ಕಣ್ಣಾರೆ ಕಾಣಲು ನಾನು ಹಾರ್ಟಲ್‌ಪೂಲ್‌ನಲ್ಲಿರುವ ‘ಟ್ರಿಂಕೋಮಲಿ’ ಹಡಗಿಗೆ ಎರಡು ಸಲ ಹೋಗಿಬಂದಿದ್ದೇನೆ. ಅದು 1817ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಕುಶಲಿಗಳು ಮಲಬಾರಿನ ತೇಗದಿಂದ ಕಟ್ಟಿದ ಹಡಗು, ಇಂದಿಗೂ ನೀರಿನ ಮೇಲೆ ನಿಂತಿದೆ. ಕಟ್ಟೆಯ ಅಂಚಿನಲ್ಲಿ ಅದರ ಮೂತಿಗೆ ಎದುರಾಗಿ ನಿಂತು ತಲೆಯೆತ್ತಿದಾಗ, ನಮ್ಮ ಪಡುವಣ ಕರಾವಳಿಯ ಕಾಡಿನ ಮರ ಇನ್ನೂರು ವರ್ಷಗಳ ನಂತರವೂ ಆ ಬಾಗನ್ನು ಬಿಡದೆ ಹಿಡಿದಿರುವುದನ್ನು ಕಂಡು ನನ್ನ ಕಣ್ಣು ತೇವಗೊಂಡಿತು. ಮೂತಿಯ ಹತ್ತಿರ ಹಲಗೆಗಳ ಸಾಲುಗಳು ಒತ್ತಾಗುತ್ತ ಹೋಗುವುದನ್ನು ಅಲ್ಲಿ ಗಮನಿಸಿದ ಮೇಲೆಯೇ ಕಿರಿದಾಗಿಸುವ ಕೆಲಸದ ಅರ್ಥ ನನಗೆ ಪೂರ್ತಿ ತಿಳಿದದ್ದು.

ಎರಡನೆಯ ಪದರಕ್ಕೆ ಮಾತ್ರ ಮೈಸೂರಿನವರ ಲೆಕ್ಕವನ್ನೇ ಮೊದಲಿನಿಂದ ಅನುಸರಿಸಿ. ನೀರಿನ ಗೆರೆಯ ಮೇಲಿನ ಹಲಗೆಗಳು ಮಕ್ಕಳ ಕಣ್ಣಿಗೆ ಬೀಳುವಂಥವು.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮೊದಲು ಉಡುಪಿಯವರ ಮಾತಿನಂತೆ ಮೂರು ಪಟ್ಟಿಗಳನ್ನು ಮಾತ್ರ ಬಿಚ್ಚಿದೆ. ಆಮೇಲೆ ಕಪ್ಪು ದಾರವನ್ನು ಮೂತಿಯಿಂದ ಹಿಂತುದಿಯವರೆಗೆ ಬಿಗಿದು ದೂರದಿಂದ ನೋಡಿದಾಗ ಎರಡನೆಯ ಚೌಕಟ್ಟಿನ ಬಳಿ ದಾರ ಒಳಕ್ಕೆ ಮುರಿದಂತೆ ಕಂಡಿತು. ಚೌಕಟ್ಟು ಸರಿಯಾಗಿಯೇ ಇತ್ತು. ಆರನೆಯ ಪಟ್ಟಿಯೇ ಒಳಬದಿಯಲ್ಲಿ ಅಂಟು ಬಿಟ್ಟು ಒಂದು ಮಿ.ಮೀ. ಹೊರಗೆ ನಿಂತಿತ್ತು. ಐದನೆಯದರ ಅಂಚೂ ಎದ್ದಿತ್ತು. ಹಾಗಾಗಿ ಕೊನೆಗೆ ನಾಲ್ಕು ಪಟ್ಟಿಗಳನ್ನು ಉಳಿಸಿ ಮಿಕ್ಕವನ್ನೆಲ್ಲ ತೆಗೆದೆ. ಬಲಗಡೆಯ ಉಬ್ಬಿದ ಮೂರು ಮತ್ತು ನಾಲ್ಕನೆಯ ಪಟ್ಟಿಗಳ ನಡುವೆ ಚಾಕುವಿನಿಂದ ಸಣ್ಣ ಸೀಳು ಕೊಟ್ಟು ಬಲ್ಬಿನ ಕಪಾಟಿನಲ್ಲಿ ಒಂಬತ್ತು ದಿನ ಇಟ್ಟ ಮೇಲೆ ಉಬ್ಬು ಇಳಿದಿದೆ.

ಚೌಕಟ್ಟಿನ ಓರೆಯನ್ನು ನಾನು ಮೊದಲ ಸಲ ಕಾಲು ಭಾಗವೂ ಮಾಡಿರಲಿಲ್ಲವೆಂದು ಬೆಳಕಿನ ಪರೀಕ್ಷೆಯಿಂದ ತಿಳಿಯಿತು. ಗ್ರಾಫ್ ಹಾಳೆಯ ಉಪಾಯ ಅದ್ಭುತವಾಗಿ ಕೆಲಸ ಮಾಡಿತು. ಈಗ ಐದರಿಂದ ಹನ್ನೊಂದರವರೆಗಿನ ಪಟ್ಟಿಗಳು ಎರಡೂ ಬದಿಯಲ್ಲಿ ಕೂತಿವೆ, ಮೂತಿಯಲ್ಲಿ ಒಂದೊಂದೂ 2.6 ಮಿ.ಮೀ. ಹನ್ನೊಂದನೆಯದನ್ನು ಒತ್ತಿ ಹಿಡಿಯಲು ಕ್ಲಿಪ್ಪೇ ಬೇಕಾಗಲಿಲ್ಲ, ಬೆರಳಿನಿಂದ ಎರಡು ನಿಮಿಷ ಹಿಡಿದರೆ ಸಾಕಾಯಿತು.

ಆದರೆ ಹಿಂತುದಿಯಲ್ಲಿ ಇದಕ್ಕೆ ವಿರುದ್ಧವಾಗಿದೆ. ಅಲ್ಲಿ ಪಟ್ಟಿಗಳು ಪೂರ್ಣ ಅಗಲದಲ್ಲಿದ್ದರೂ ಜಾಗ ಉಳಿಯುತ್ತಿದ್ದು, ಹತ್ತನೆಯ ಮತ್ತು ಹನ್ನೊಂದನೆಯ ಪಟ್ಟಿಗಳ ನಡುವೆ ಬಾಯ್ದೆರೆದ ತ್ರಿಕೋನ ಕಾಣುತ್ತಿದೆ. ಪಟ್ಟಿಯನ್ನು ಮೇಲಕ್ಕೆ ಎಳೆದು ಸೇರಿಸಬೇಕೇ?

ಉತ್ತರ 1ರವರಿಂದ

ದಯವಿಟ್ಟು ಎಳೆಯಬೇಡಿ, ಮೂತಿಯಲ್ಲಿ ಆದದ್ದೇ ಅಲ್ಲಿಯೂ ಆಗುತ್ತದೆ. ಪಟ್ಟಿಗಳು ತಮ್ಮ ಸಹಜ ದಾರಿಯಲ್ಲಿಯೇ ಇರಲಿ. ಆ ತ್ರಿಕೋನದ ಮೇಲೆ ತೆಳು ಕಾಗದವನ್ನಿಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಿದರೆ ಅದರ ಆಕಾರ ಮೂಡುತ್ತದೆ. ಅದೇ ಅಳತೆಯ ಬೆಣೆಯನ್ನು ಉಳಿದ ಪಟ್ಟಿಯಿಂದ ಕತ್ತರಿಸಿ ಕೂರಿಸಿ. ಚೂಪು ತುದಿಯನ್ನು ಮಾತ್ರ ಉಡುಪಿಯವರು ಹೇಳಿದಂತೆ ಮೊಂಡಾಗಿಸಿ ಪಕ್ಕದ ಪಟ್ಟಿಯಲ್ಲಿ ಕಚ್ಚು ಕೊಡಿ. ಎರಡೂ ಬದಿಯ ಬೆಣೆಗಳು ಒಂದೇ ಚೌಕಟ್ಟಿನ ಬಳಿ ಆರಂಭವಾಗಲಿ. ಹದಿನಾರನೆಯ ಪಟ್ಟಿಯ ಹೊತ್ತಿಗೆ ಇನ್ನೊಂದು ಜೊತೆ ಬೆಣೆ ಬೇಕಾಗಬಹುದು, ಆದ್ದರಿಂದ ಕತ್ತರಿಸಿ ಉಳಿದ ತುಂಡುಗಳನ್ನು ಎಸೆಯದೆ ಅದೇ ಬಲ್ಬಿನ ಕಪಾಟಿನಲ್ಲಿಟ್ಟುಕೊಳ್ಳಿ.